ಹಳೆಯ ಲ್ಯಾಪ್‌ಟಾಪ್ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ನೋಡಿ

ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಾಗ ನಾವು ಮೊದಲು ಹುಡುಕುವುದು ಪೆನ್‌ಡ್ರೈವ್. ವಿಂಡೋಸ್ ಹೊಸದಾಗಿ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗೂ ಬಹಳ ಕಾಲ ಇತ್ತು. ಯಂತ್ರ ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿಯುವವರೆಗೆ ಡಿಸ್ಕ್ ಫಾರ್ಮ್ಯಾಟ್ ಮಾಡಲೇಬಾರದು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಫ್ಯಾನ್ ತಿರುಗುತ್ತಿದ್ದರೂ ಪರದೆ ಕಪ್ಪಾಗಿಯೇ ಇದ್ದರೆ, ಅಥವಾ ಬೀಪ್ ಸದ್ದು ಮತ್ತೆ ಮತ್ತೆ ಬರುತ್ತಿದ್ದರೆ, ಸಾಮಾನ್ಯವಾಗಿ ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್‌ನ ಸರದಿ ಇನ್ನೂ ಬಂದೇ ಇರುವುದಿಲ್ಲ. ಆಗ ನೋಡಬೇಕಾದದ್ದು ರ‍್ಯಾಮ್, ಡಿಸ್‌ಪ್ಲೇ, ವಿದ್ಯುತ್ ಪೂರೈಕೆಗಳನ್ನು.

ನನ್ನ ಬಳಿಯಿದ್ದ, 2010ರ ಸುಮಾರಿನ ಲ್ಯಾಪ್‌ಟಾಪ್‌ನಲ್ಲಿ ಲೋಗೊ ಬರುತ್ತಿತ್ತು, ನಂತರ ಒಂದು ಕ್ಷಣ ನೀಲಿ ಪರದೆ ಮಿಂಚಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹಾರ್ಡ್ ಡಿಸ್ಕ್ ಹೋಗಿದೆ ಎಂದೇ ಎಲ್ಲರೂ ಹೇಳಿದರು. ಬಯೋಸ್ (ಯಂತ್ರ ಶುರುವಾಗುವಾಗ ಎಲ್ಲಕ್ಕಿಂತ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ತೆರೆದಾಗ ನನ್ನ ಕಣ್ಣಿಗೆ ಬಿದ್ದದ್ದು ದಿನಾಂಕ: ಅದು ಹಲವು ವರ್ಷ ಹಿಂದೆ ಹೋಗಿ ನಿಂತಿತ್ತು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ, 3 ವೋಲ್ಟ್ ಇರಬೇಕಾದದ್ದು, ಪೂರ್ತಿ ಸತ್ತಿತ್ತು. ಇದರಿಂದ ಗಡಿಯಾರದ ಜೊತೆಗೆ ಬಯೋಸ್‌ನ ಸೆಟ್ಟಿಂಗ್‌ಗಳೂ ಅಳಿಸಿಹೋಗಿ, ಯಂತ್ರ ಡಿಸ್ಕ್ ಜೊತೆ ಮಾತಾಡುವ ರೀತಿಯನ್ನು ನಿರ್ಧರಿಸುವ ಸಾಟಾ ಮೋಡ್, ಹೊಸ ರೀತಿಯಾದ ಎಎಚ್‌ಸಿಐನಿಂದ ಹಳೆಯ ಐಡಿಇಗೆ ಮರಳಿತ್ತು. ಎಎಚ್‌ಸಿಐ ಇದ್ದಾಗ ಹಾಕಿದ್ದ ವಿಂಡೋಸ್‌ಗೆ ತನ್ನದೇ ಡಿಸ್ಕ್ ಸಿಗದಂತಾಗಿತ್ತು, ಅಷ್ಟೇ. ಬ್ಯಾಟರಿ ಬದಲಿಸಿ, ಮೋಡ್ ಸರಿಪಡಿಸಿದ ಕೂಡಲೇ ಡೆಸ್ಕ್‌ಟಾಪ್ ಬಂತು, ವರ್ಷಗಳ ಫೋಟೊಗಳೆಲ್ಲ ಇದ್ದಲ್ಲೇ ಇದ್ದವು. ಆತುರಪಟ್ಟು ಫಾರ್ಮ್ಯಾಟ್ ಮಾಡಿದ್ದರೆ ಅವು ಉಳಿಯುತ್ತಿರಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಫೋಟೊಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟ ಮೇಲೆ ಹೊಸ ಸಿಸ್ಟಮ್ ಹಾಕುವ ಕೆಲಸಕ್ಕೆ ಇಳಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಷ್ಟು ಹಳೆಯ ಯಂತ್ರದಲ್ಲಿ ಇರುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಎಂಬ ಹಗುರವಾದ ಆಪರೇಟಿಂಗ್ ಸಿಸ್ಟಮ್ ಆರಿಸಿಕೊಂಡೆ. ಪೆನ್‌ಡ್ರೈವ್ ಬೂಟ್ ಪಟ್ಟಿಯಲ್ಲಿ ಕಾಣಿಸಿದರೂ ಅದರಿಂದ ಏನೂ ಶುರುವಾಗಲಿಲ್ಲ. ನಾನು ಅದನ್ನು ಬಯೋಸ್‌ನ ಹೊಸ ರೂಪವಾದ ಯುಇಎಫ್‌ಐಗೆಂದು, ಡಿಸ್ಕ್ ವಿಭಾಗಿಸುವ ಹೊಸ ಜಿಪಿಟಿ ವಿಧಾನದಲ್ಲಿ ತಯಾರಿಸಿದ್ದೆ. ಈ ಲ್ಯಾಪ್‌ಟಾಪ್‌ಗೆ ಗೊತ್ತಿದ್ದದ್ದು ಹಳೆಯ ಬಯೋಸ್ ಮಾತ್ರ. ಹಳೆಯ ವಿಧಾನವಾದ ಎಂಬಿಆರ್ ಆಯ್ದು ಮತ್ತೆ ತಯಾರಿಸಿದ ಮೇಲೆ ಇನ್‌ಸ್ಟಾಲೇಶನ್ ಆರಂಭವಾಯಿತು.

ಆದರೆ ಅದು ಅರ್ಧದಲ್ಲಿ ನಿಂತಿತು. ಮರುಪ್ರಯತ್ನದಲ್ಲೂ ನಿಂತಿತು, ಈ ಬಾರಿ ಬೇರೆ ಜಾಗದಲ್ಲಿ. ಈ ವ್ಯತ್ಯಾಸವನ್ನು ಗಮನಿಸುವವರು ಕಡಿಮೆ. ಪ್ರತಿ ಸಲವೂ ಒಂದೇ ಕಡೆ ನಿಂತರೆ ಡೌನ್‌ಲೋಡ್ ಆದ ಫೈಲನ್ನೋ ಪೆನ್‌ಡ್ರೈವನ್ನೋ ಮೊದಲು ಅನುಮಾನಿಸುತ್ತೇನೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ರ‍್ಯಾಮ್ ಅಥವಾ ಅತಿಯಾದ ಬಿಸಿಯನ್ನು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದಾಗ ದೋಷ ತೋರಿಸುವ ಕೆಂಪು ಸಾಲುಗಳು ಮೂಡಿದವು. ಎರಡು ರ‍್ಯಾಮ್ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ, ಕೆಟ್ಟದ್ದನ್ನು ತೆಗೆದಿಟ್ಟೆ. ಉಳಿದ 2 ಜಿಬಿಯಲ್ಲೇ ಇನ್‌ಸ್ಟಾಲೇಶನ್ ಒಂದೇ ಪ್ರಯತ್ನದಲ್ಲಿ ಮುಗಿಯಿತು, ಈ ಬರಹವನ್ನೂ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ.