ಕತ್ತರಿಸಿ ತೆಗೆದ ಗಂಟನ್ನು ಕಸಕ್ಕೆ ಹಾಕಲು ಬಿಡಬೇಡಿ

ಥೈರಾಯ್ಡ್ ಕ್ಯಾನ್ಸರ್‌ಗೆ ಆಪರೇಷನ್ ಆದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ವರ್ಷಗಳು ಕಳೆದ ಮೇಲೂ ಆ ಕಾಯಿಲೆ ಚರ್ಮದಲ್ಲಿ ಗಂಟಾಗಿ ಕಾಣಿಸಿಕೊಳ್ಳಬಹುದು. ತೀರಾ ಅಪರೂಪ, ನೂರರಲ್ಲಿ ಒಬ್ಬರಿಗೂ ಬರೋದಿಲ್ಲ. ಬಂದರೆ ಹೆಚ್ಚಾಗಿ ತಲೆಯಲ್ಲೇ, ಕೂದಲಿನ ಮರೆಯಲ್ಲಿ.

ಕೊಪ್ಪಳದ ನಮ್ಮ ದೊಡ್ಡವ್ವನಿಗೆ ಹೆರಳು ಹಾಕುವಾಗ ಬಾಚಣಿಗೆ ತಾಗಿ ಗೊತ್ತಾಯಿತು. ಹುಣಸೆಬೀಜದಷ್ಟು ಗಂಟು, ಸ್ವಲ್ಪ ಕೆಂಪಗೆ. ನೋವಿಲ್ಲ, ಕೀವಿಲ್ಲ. ನೋವೇ ಇಲ್ಲ ಅಂದಮೇಲೆ ಯಾರು ಹೆದರ್ತಾರೆ? ಓಣಿಯವರು ಸುಣ್ಣ, ಅರಿಶಿನ ಹಚ್ಚಿಸಿದರು. ಆಮೇಲೆ ಒಂದು ಕ್ಲಿನಿಕ್‌ನಲ್ಲಿ "ಕೊಬ್ಬಿನ ಗಂಟದು, ಏನಾಗಲ್ಲ ಬಿಡ್ರೀ ಅಮ್ಮಾ" ಅಂತ ಕೊಯ್ದು ತೆಗೆದರು. ತೆಗೆದದ್ದು ಕಸದ ಡಬ್ಬಿಗೆ ಹೋಯಿತು. ಕುತ್ತಿಗೆಯ ಮೇಲೆ ಹಳೇ ಥೈರಾಯ್ಡ್ ಆಪರೇಷನ್ ಗೆರೆ ಎದ್ದು ಕಾಣ್ತಿತ್ತು, ಅದೇನು ಅಂತ ಒಬ್ಬರೂ ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರೋದು ಇದಕ್ಕೇ. ಬಯಾಪ್ಸಿಗೆ, ಅಂದರೆ ಲ್ಯಾಬಿನ ಪರೀಕ್ಷೆಗೆ, ಕಳಿಸಿದ್ದರೆ, ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಜೀವಕೋಶಗಳು ಮಾಡುವ ಪ್ರೋಟೀನ್) ಪರೀಕ್ಷೆಯಲ್ಲಿ ಗಂಟಿನ ಮೂಲ ಅಲ್ಲೇ ತಿಳಿಯುತ್ತಿತ್ತು. ಅದೇ ಜಾಗದಲ್ಲಿ ಮತ್ತೆ ಬೆಳೆದಾಗಲೇ ನಾವು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದದ್ದು, ಹಳೇ ಥೈರಾಯ್ಡ್ ಕ್ಯಾನ್ಸರೇ ಅಂತ ಗೊತ್ತಾದದ್ದು.

ಇನ್ನೊಂದು ಮಾತು. "ಚರ್ಮಕ್ಕೆ ಬಂತು ಅಂದ್ರೆ ಮುಗೀತು" ಅಂತ ರೋಗಿಯ ಎದುರಿಗೇ ಅನ್ನುವವರಿದ್ದಾರೆ. ಹಗುರವಾದ ಕಾಯಿಲೆ ಅಂತ ನಾನೂ ಹೇಳಲ್ಲ. ಎಷ್ಟೋ ಸಲ ಶ್ವಾಸಕೋಶಕ್ಕೆ, ಮೂಳೆಗೆ ಹರಡಿರುತ್ತೆ, ಅದಕ್ಕೇ ಮೈಯೆಲ್ಲ ಸ್ಕ್ಯಾನ್ ಮಾಡ್ತಾರೆ. ಆದರೆ ಚಿಕಿತ್ಸೆ ಇದೆ. ಒಂದೆರಡೇ ಗಂಟಾದರೆ ಕೊಯ್ದು ತೆಗೀತಾರೆ. ಪ್ಯಾಪಿಲರಿ, ಫಾಲಿಕ್ಯುಲರ್ ಅನ್ನುವ ಥೈರಾಯ್ಡ್ ಕ್ಯಾನ್ಸರ್ ಜಾತಿಯದಾಗಿ, ಆ ಕ್ಯಾನ್ಸರ್ ಜೀವಕೋಶಗಳು ಇನ್ನೂ ಅಯೋಡಿನ್ ಹೀರುತ್ತಿದ್ದರೆ ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್ ಔಷಧಿ) ಕೊಡ್ತಾರೆ. ಅದಕ್ಕೂ ಮುಂಚೆ ಒಂದೆರಡು ವಾರ ಅಯೋಡಿನ್ ಹಾಕದ ಉಪ್ಪು ತಿನ್ನಬೇಕು. ಹಾಲು, ಮೊಸರು, ಮೊಟ್ಟೆ, ಮೀನು ಬಿಡಬೇಕು. ಜೋಳದ ರೊಟ್ಟಿಗೆ ತೊಂದರೆಯಿಲ್ಲ, ಮೊಸರಿಲ್ಲದೆ ಊಟ ಇಳಿಯೋದೇ ದೊಡ್ಡವ್ವನಿಗೆ ಕಷ್ಟವಾಯಿತು. ಔಷಧಿ ಕೊಟ್ಟ ಮೇಲೆ ಬೇರೆ ಕೋಣೆಯಲ್ಲಿ ಒಬ್ಬರೇ ಇರಬೇಕು. ಮನೆಗೆ ಬಂದ ಮೇಲೂ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ. ಆ ಹೊತ್ತಲ್ಲಿ ಬಾಗಿಲಾಚೆ ನಿಂತಾದರೂ ಮಾತಾಡಿಸಿ, ಒಂಟಿತನ ಔಷಧಿಗಿಂತ ಜಾಸ್ತಿ ಸುಸ್ತು ಮಾಡುತ್ತೆ.

ಅಯೋಡಿನ್ ಹಿಡಿಯದಿದ್ದರೆ ಸೊರಾಫೆನಿಬ್, ಲೆನ್ವಾಟಿನಿಬ್ ಮಾತ್ರೆಗಳಿವೆ. ಇವು ಕಾಯಿಲೆಯನ್ನು ಬುಡಸಮೇತ ಕೀಳಲ್ಲ, ಬೆಳೆಯದಂತೆ ಹಿಡಿದಿಡುತ್ತವೆ. ಬಿ.ಪಿ. ಏರುತ್ತೆ, ಅಂಗೈ ಅಂಗಾಲು ಉರಿಯುತ್ತವೆ. ಸುಮ್ನೆ ಸಹಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ಹೇಳಿದರೆ ಡೋಸ್ ಕಡಿಮೆ ಮಾಡ್ತಾರೆ.

ಇಷ್ಟು ಮಾತ್ರ ಇವತ್ತೇ ಮಾಡಿ: ಮೊದಲ ಆಪರೇಷನ್ನಿನ ಬಯಾಪ್ಸಿ ರಿಪೋರ್ಟ್ ಹುಡುಕಿ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಹೊಸ ಗಂಟು ಕಂಡ ದಿನ ಡಾಕ್ಟರಿಗೆ ಅದನ್ನೇ ಮೊದಲು ತೋರಿಸಿ.