ಕುಡತಿನಿಯ ಕಾಗದದ ಕುಲುಮೆ

ಉಕ್ಕಿನ ಕಾರ್ಖಾನೆಗೆ ಅದಿರು ಕರಗಿಸುವ ಬ್ಲಾಸ್ಟ್ ಫರ್ನೆಸ್ ಬೇಕೇ ಬೇಕೆಂಬುದು ಎಂಜಿನಿಯರುಗಳ ಮೂಢನಂಬಿಕೆ. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ ಅದಿಲ್ಲದೆಯೇ ಒಂದು ಕಾರ್ಖಾನೆ 2010ರಿಂದ ನಡೆದಿದೆ. ಹೊಗೆಯಿಲ್ಲ, ಧೂಳಿಲ್ಲ, ಒಂದು ದಿನವೂ ಕೆಟ್ಟು ನಿಂತಿಲ್ಲ.

ಕಟ್ಟುವ ಕ್ರಮ ಸರಳ. ಮೊದಲು ಬೆಂಗಳೂರಿನಲ್ಲಿ ಹೂಡಿಕೆದಾರರ ಸಮಾವೇಶ. 2010ರ ಜೂನ್‌ನಲ್ಲಿ ಉಕ್ಕಿನ ಕಂಪನಿ ಆರ್ಸೆಲರ್ ಮಿತ್ತಲ್ ಸಹಿ ಹಾಕಿದ್ದು ವರ್ಷಕ್ಕೆ 60 ಲಕ್ಷ ಟನ್ನಿಗೆ, 30,000 ಕೋಟಿ ರೂಪಾಯಿಗೆ. ಶಾಲು, ಹಾರ, ಫೋಟೊ.

ಆಮೇಲೆ ಜಮೀನು. ಕೈಗಾರಿಕೆಗೆ ಜಮೀನು ಹಿಡಿದುಕೊಡುವ ಸರ್ಕಾರಿ ಮಂಡಳಿ ಕೆಐಎಡಿಬಿಯ 1966ರ ಕಾಯ್ದೆಯಲ್ಲಿ 28(1)ನೇ ಸೆಕ್ಷನ್ ಅಂದರೆ ಪ್ರಾಥಮಿಕ ಅಧಿಸೂಚನೆ. ಪಹಣಿಯ 11ನೇ ಕಾಲಂನಲ್ಲಿ ಮಂಡಳಿಯ ಹೆಸರು ಬಂದು ಕೂತಿತೆಂದರೆ ಹೊಲ ಮಾರುವಂತಿಲ್ಲ, ಬ್ಯಾಂಕಿನವರು ಸಾಲದ ಅರ್ಜಿ ಮುಟ್ಟುವುದಿಲ್ಲ. 28(4) ಅಂತಿಮ ಅಧಿಸೂಚನೆ. ಅದಾದ ಮೇಲೆ ಮಾಲೀಕನ ಹೆಸರಿರುವ 9ನೇ ಕಾಲಂನಿಂದ ರೈತನೇ ಎದ್ದು ಹೋಗುತ್ತಾನೆ. ಇಡೀ ಯೋಜನೆಯಲ್ಲಿ ಪೂರ್ತಿ ಮುಗಿದ ಘಟಕ ಇದೊಂದೇ.

ಅದಿರಿನ ನೆನಪು ಕೊನೆಗೆ ಬರಬೇಕು, ಇದು ಮುಖ್ಯ. ಟನ್ ಉಕ್ಕಿಗೆ ಸುಮಾರು 1.6 ಟನ್ ಅದಿರು; 60 ಲಕ್ಷ ಟನ್ನಿಗೆ ವರ್ಷಕ್ಕೆ ಹತ್ತಿರಹತ್ತಿರ ಕೋಟಿ ಟನ್. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗಣಿ ಖಾತ್ರಿಯಾಗಲಿ, ಆಮೇಲೆ ಜಮೀನು ಎಂದು ಹಟ ಹಿಡಿದಿದ್ದರೆ ಒಂದು ಗುಂಟೆಯೂ ಹೋಗುತ್ತಿರಲಿಲ್ಲ. ಆಗ ಹೂಡಿಕೆಯ ಪಟ್ಟಿಯಲ್ಲಿ ಬರೆಯುವುದೇನು? ಮುಂದೆ ಉಕ್ಕಿನ ಬದಲು ಸೋಲಾರ್ ಎಂಬ ಮಾತೂ ಬಂತು. ಬಿಸಿಲಿಗೆ ಗಣಿ ಗುತ್ತಿಗೆ ಬೇಡವಲ್ಲ.

ಗದಗದ ಹಳ್ಳಿಗುಡಿಯಲ್ಲಿ ಈ ವಿಧಾನ ಕೆಟ್ಟಿತು. ಕೊರಿಯಾದ ಉಕ್ಕಿನ ಕಂಪನಿ ಪೋಸ್ಕೊಗೆ ಜಮೀನು ಕೊಡೆವೆಂದ ರೈತರ ಜತೆ ಗದಗದ ತೋಂಟದಾರ್ಯ ಮಠದ ಸ್ವಾಮೀಜಿ ನಿಂತರು. 2011ರಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು, 2013ರಲ್ಲಿ ಕಂಪನಿ ಹೊರಟೇಹೋಯಿತು. ಪಾಪ, ಅಲ್ಲಿನವರಿಗೆ ಹೊಲ ಉತ್ತುವ ದುರ್ಗತಿ.

5 ವರ್ಷ ಬಳಸದ ಜಮೀನು ವಾಪಸು ಎನ್ನುವ ಕಾನೂನಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ, 2013ರ ಭೂಸ್ವಾಧೀನ ಕಾಯ್ದೆಯ 101ನೇ ಸೆಕ್ಷನ್: ಮೂಲ ಮಾಲೀಕರಿಗೆ ‘ಅಥವಾ’ ಸರ್ಕಾರದ ಭೂ ಬ್ಯಾಂಕಿಗೆ. ಕುಡತಿನಿಯದು ಅದಕ್ಕೂ ಮೊದಲೇ, ಬೇರೆ ಕಾಯ್ದೆಯಲ್ಲಿ ಹೋದ ಜಮೀನು.

ತಾಳ್ಮೆ ಬೇಕು. ಪಕ್ಕದ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿಗೆ ಇಂದಿರಾ ಗಾಂಧಿ 1971ರಲ್ಲಿ ಅಡಿಗಲ್ಲು ಹಾಕಿದರು. ಸರ್ಕಾರಿ ಕಾರ್ಖಾನೆ ಏಳಲೇ ಇಲ್ಲ. ಖಾಸಗಿ ಕಂಪನಿ ಹುಟ್ಟಿದ್ದು 1994ರಲ್ಲಿ. ಆ 23 ವರ್ಷದ ಲೆಕ್ಕದಲ್ಲಿ ಕುಡತಿನಿಗೆ 2033ರವರೆಗೆ ವಾಯಿದೆಯಿದೆ. 2022ರ ಡಿಸೆಂಬರ್‌ನಲ್ಲೇ ಧರಣಿ ಕೂತ ರೈತರದು ಶುದ್ಧ ಅವಸರ.