ಐರಿಷ್ ಪಿಟೀಲು ಕೇಳೋಕೆ ಹೋದ್ರೆ ಬಲಗೈ ನೋಡಿ

ಡಬ್ಲಿನ್, ಗಾಲ್ವೇ ಕಡೆ ಕೆಲಸಕ್ಕೆ ಹೋದ ನಮ್ಮವರು ಪಬ್ ಸಂಗೀತದ ವಿಡಿಯೋ ಹಾಕುತ್ತಿರುತ್ತಾರೆ. ಪಿಟೀಲು ಓಡುತ್ತಿರುತ್ತದೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿರುತ್ತಾರೆ, "ಏನ್ ಸ್ಪೀಡು ಗುರು!" ಅಂತ ಒಬ್ಬರು ಹಿಂದಿನಿಂದ ಕೂಗುತ್ತಾರೆ. ನನ್ನ ತಕರಾರು ಆ ಸ್ಪೀಡಿನ ಮೇಲೇ. ಆ ಸಂಗೀತದಲ್ಲಿ ಅತಿ ಅಗ್ಗಕ್ಕೆ ಸಿಗುವುದು ವೇಗ. ಇದು ಮೂಲತಃ ಕುಣಿತದ ಸಂಗೀತ. ಕುಣಿಯುವವರ ಕಾಲು ನೆಲ ಬಿಟ್ಟು ಏಳಬೇಕಾದರೆ ಕೆಲಸ ಮಾಡಬೇಕಾದ್ದು ಕಮಾನು ಹಿಡಿದ ಕೈ.

ಲೆಕ್ಕ ಸುಲಭ. ಹೆಚ್ಚಿನ ಟ್ಯೂನುಗಳಿಗೆ ಎರಡು ಭಾಗ, ಒಂದೊಂದೂ 8 ಬಾರ್ (ತಾಳದ ಒಂದು ಸುತ್ತಿನ ಅಳತೆ, ನಮ್ಮ ಆವರ್ತದ ಹಾಗೆ). ಎರಡನ್ನೂ ಎರಡೆರಡು ಸಲ ನುಡಿಸಿದರೆ 32 ಬಾರ್, ಅದು ಒಂದು ಸುತ್ತು. ಸಾಧಾರಣ ವೇಗದ ರೀಲ್ ಎಂಬ ಕುಣಿತದ ಟ್ಯೂನಿನಲ್ಲಿ ಒಂದು ಸುತ್ತಿಗೆ 35 ಸೆಕೆಂಡ್ ಆಸುಪಾಸು. ಸಾಮಾನ್ಯವಾಗಿ ಎರಡು ಮೂರು ಸುತ್ತು ಆದಮೇಲೆ ಎಲ್ಲೂ ನಿಲ್ಲದೆ ಮುಂದಿನ ಟ್ಯೂನಿಗೆ ಹಾರುತ್ತಾರೆ. ಹೀಗೆ ಮೂರು ಟ್ಯೂನ್ ಪೋಣಿಸಿದರೆ ಒಂದು ಸೆಟ್, ನಾಲ್ಕೈದು ನಿಮಿಷ. ಹಾರುವ ಆ ಗಳಿಗೆ ತಪ್ಪಿಸಿಕೊಳ್ಳಬೇಡಿ. ಸುತ್ತು ಮುಗಿಯಲು ಒಂದೆರಡು ಬಾರ್ ಇರುವಾಗ ಸೆಟ್ ಶುರುಮಾಡಿದವರು ತಲೆ ಎತ್ತುತ್ತಾರೆ, ಇಲ್ಲವೇ "ಹಪ್" ಅಂತಾರೆ. ಜಿ ಶ್ರುತಿಯಲ್ಲಿದ್ದದ್ದು ಥಟ್ಟನೆ ಎ ಅಥವಾ ಡಿಗೆ ಏರಿದಾಗ ಇಡೀ ಕೋಣೆಗೆ ಬೆಳಕು ಬಂದಂತಾಗುತ್ತದೆ.

ಕುಣಿತದ ಟ್ಯೂನುಗಳಲ್ಲಿ ರೀಲ್ ಚತುರಶ್ರ ನಡೆ (ನಾಲ್ಕರ ಎಣಿಕೆ), ಜಿಗ್ ತಿಶ್ರ (ಮೂರರ ಎಣಿಕೆ). ಸ್ಲಿಪ್ ಜಿಗ್‌ಗೆ 9 ಅಕ್ಷರ. ಕರ್ನಾಟಕ ಸಂಗೀತ ಕಲಿತವರು ಎಡವುವುದು ಇಲ್ಲೇ. ಅದು ನಮ್ಮ ಸಂಕೀರ್ಣ ನಡೆಯ 4+5 ಅಲ್ಲ, ನೇರ 3+3+3.

ಈಗ ಬಲಗೈಗೆ ಬರೋಣ. ರೀಲ್‌ನ ಒಂದು ಬಾರ್‌ನಲ್ಲಿ ಎಂಟು ಸ್ವರ. ಎಂಟಕ್ಕೂ ಎಂಟು ಸಮನಾದ ಕಮಾನು ಎಳೆದರೆ ಹೊಲಿಗೆ ಮಿಷನ್ ಸದ್ದು. ಪಳಗಿದವರು ಒಂದು ಘಾತದ (ತಾಳದ ಪೆಟ್ಟಿನ) ಕೊನೆಯ ಸ್ವರವನ್ನೂ ಮುಂದಿನ ಘಾತದ ಮೊದಲ ಸ್ವರವನ್ನೂ ಒಂದೇ ಎಳೆತದಲ್ಲಿ ಸೇರಿಸುತ್ತಾರೆ. ಆಗ ಕಮಾನು ದಿಕ್ಕು ಬದಲಿಸುವುದು ಘಾತದ ಮೇಲಲ್ಲ, ಅದರ ಪಕ್ಕಕ್ಕೆ. ಕುಣಿತಕ್ಕೆ ಬೇಕಾದ ಎತ್ತುವಿಕೆ ಹುಟ್ಟುವುದು ಅಲ್ಲಿ. ಗಮನಿಸಿ ನೋಡಿ, ಉದ್ದಕ್ಕೆ ಎಳೆಯುವುದೇ ಅಪರೂಪ. ಬಹುಪಾಲು ಕೆಲಸ ಒಂದು ಗೇಣಿನೊಳಗೆ ಮುಗಿಯುತ್ತದೆ. ನಡುವೆ ಒಂದೇ ಸ್ವರದ ಮೇಲೆ ಮೂರು ಚುಟುಕು ಹೊಡೆತ ಬರುತ್ತದೆ, ಅದೇ ಟ್ರೆಬಲ್. ಮಣಿಕಟ್ಟು ಸಡಿಲವಿದ್ದರೆ ಚಿಟಿಕೆಯಂತೆ ಸಿಡಿಯುತ್ತದೆ. ಭುಜ ಬಿಗಿದರೆ ಬರೀ ಕರಕರ, ಮೇಲಿಂದ ಲಯವೂ ಹಿಂದೆ ಬೀಳುತ್ತದೆ. ಎಡಗೈಯ ಮುಖ್ಯ ಅಲಂಕಾರ ರೋಲ್: ಮೂಲ ಸ್ವರ, ಮೇಲಿಂದ ಒಂದು ತಟ್ಟು, ಮತ್ತೆ ಮೂಲ, ಕೆಳಗಿಂದ ಒಂದು ತಟ್ಟು, ಮತ್ತೆ ಮೂಲ. ತಟ್ಟುಗಳು ಸ್ವರವಾಗಿ ಕೇಳಿಸಿದರೆ ಕೆಟ್ಟಿತು. ಕರ್ನಾಟಕ ಸಂಗೀತದ ಸ್ಫುರಿತ ಗಮಕ ಸಾಧನೆ ಮಾಡಿದ ಕೈಗೆ ಇದು ಬೇಗ ಹತ್ತುತ್ತದೆ.

ಊರೂರಿಗೂ ಕಮಾನು ಬೇರೆ. ಉತ್ತರದ ಡೊನೆಗಾಲ್‌ನಲ್ಲಿ ಸ್ವರಕ್ಕೊಂದು ಎಳೆತ, ಚೂಪಾದ ಟ್ರೆಬಲ್. ಸ್ಕಾಟ್ಲೆಂಡಿಗೆ ಕೂಲಿಗೆ ಹೋಗಿಬರುತ್ತಿದ್ದ ಜನ, ಅಲ್ಲಿಯ ಗುಣವೂ ಬಂದಿದೆ. ಕಾರ್ಕ್-ಕೆರಿ ಗಡಿಯ ಸ್ಲೀವ್ ಲೂಖ್ರಾದಲ್ಲಿ ಪೋಲ್ಕಾ, ಸ್ಲೈಡ್ ಎಂಬ ಕುಣಿತದ ಟ್ಯೂನುಗಳದ್ದೇ ರಾಜ್ಯ. ಸ್ಲೈಗೋದ ಪಿಟೀಲುಗಾರ ಮೈಕೆಲ್ ಕೋಲ್ಮನ್ (1891–1945) ನ್ಯೂಯಾರ್ಕ್‌ನಲ್ಲಿ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳು ಊರಿಗೆ ವಾಪಸ್ ಬಂದು ಎಷ್ಟೋ ಕಡೆಯ ಸ್ಥಳೀಯ ಶೈಲಿಯನ್ನು ಬದಿಗೊತ್ತಿದವು. ವೇಗವೇ ಸರ್ವಸ್ವ ಅನ್ನುವವರು ಪೂರ್ವ ಕ್ಲೇರ್‌ನ ಪಿಟೀಲುಗಾರ ಮಾರ್ಟಿನ್ ಹೇಯ್ಸ್ ಅವರ ನುಡಿಸಾಣಿಕೆ ಕೇಳಬೇಕು. ಅಷ್ಟು ನಿಧಾನಕ್ಕೆ ನುಡಿಸಿಯೂ ಕಾಲು ತಾನಾಗಿ ತಟ್ಟುತ್ತದೆ.

ರಾತ್ರಿ ಕೆಡುವುದು ಹೆಚ್ಚಾಗಿ ಕೇಳುಗರಿಂದ. ಚಪ್ಪಾಳೆ ಘಾತದ ಮೇಲೇ ಭಾರವಾಗಿ ಬಿದ್ದು ಮೆಲ್ಲಗೆ ಓಡತೊಡಗುತ್ತದೆ. ನುಡಿಸುವವರು ಕಮಾನಿನ ಸೂಕ್ಷ್ಮ ಬಿಟ್ಟು ಅದರ ಹಿಂದೆ ಓಡಬೇಕು. ಸೆಟ್ ಮುಗಿದ ಮೇಲೆ ತಟ್ಟಿ, ಸಾಕು. ಬೋಡ್ರಾನ್ ಅನ್ನುವ ಚರ್ಮವಾದ್ಯ ಒಂದಿದ್ದರೆ ಚೆಂದ, ಎರಡಾದರೆ ಗದ್ದಲ. ಗಿಟಾರೂ ಹಾಗೇ: ಈ ಟ್ಯೂನುಗಳಿಗೆ ಹೊಂದುವ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಒಂದೇ ಬಗೆಯದಲ್ಲ, ಇಬ್ಬರು ಎರಡು ದಾರಿ ಹಿಡಿದರೆ ಪಿಟೀಲು ನಡುವೆ ಸಿಕ್ಕಿಕೊಳ್ಳುತ್ತದೆ. ಡಬ್ಲಿನ್‌ನ ಕಾಬಲ್‌ಸ್ಟೋನ್‌ನಂಥ ಪಬ್‌ಗಳಲ್ಲಿ ಸಂಗೀತಗಾರರ ಮೂಲೆ ಅವರದೇ. ಅಲ್ಲಿ ಖಾಲಿ ಕುರ್ಚಿ ಕಂಡರೂ ಕೇಳದೆ ಕೂರಬೇಡಿ, ಬಲಗೈ ಓಡಾಡುವ ಕಡೆ ಗ್ಲಾಸ್ ಇಡಬೇಡಿ. ತಾಳವಿಲ್ಲದ ಸ್ಲೋ ಏರ್ ಶುರುವಾದರೆ ಮಾತು ನಿಲ್ಲಿಸಿ. ಅದು ಬಹಳ ಸಲ ಗೇಲಿಕ್ ಹಾಡಿನ ಧಾಟಿ. ಸಾಹಿತ್ಯ ಗೊತ್ತಿದ್ದವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದರಲ್ಲೇ ಅದರ ರುಚಿ.

ನಮ್ಮ ಪಿಟೀಲು ಹಿಡಿದು ಸೇರಿಕೊಳ್ಳಬಹುದೇ? ಖಂಡಿತ. ಈ ನಂಟು ಹೊಸದೂ ಅಲ್ಲ, ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಎಂಬ ಕೃತಿಗಳು ಐರೋಪ್ಯ ಬ್ಯಾಂಡ್ ಧಾಟಿಗಳಿಂದಲೇ ಬಂದವು. ಆದರೆ ಸ-ಪ-ಸ-ಪ ಬಿಟ್ಟು ಜಿ-ಡಿ-ಎ-ಇಗೆ ಶ್ರುತಿ ಮಾಡಬೇಕು. ನಮ್ಮ ಶ್ರುತಿ ಸಾಮಾನ್ಯವಾಗಿ ಬಹಳ ಕೆಳಗಿರುತ್ತದೆ, ಒಂದೇ ಏಟಿಗೆ ಏರಿಸಿದರೆ ಇ ತಂತಿ ಕಡಿಯುತ್ತದೆ. ಹೊಸ ತಂತಿ ಹಾಕಿ, ಹಿಂದಿನ ದಿನವೇ ನಾಲ್ಕನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ. ಬಿರಡೆ ತಿರುಗಿಸಿದಂತೆಲ್ಲ ಕುದುರೆಯ (ತಂತಿ ಹೊರುವ ಮರದ ತುಂಡಿನ) ತಲೆ ಬೆರಳುಪಟ್ಟಿಯ ಕಡೆ ವಾಲುತ್ತದೆ. ಆಗಾಗ ನೋಡಿ ಎರಡೂ ಕೈಯಿಂದ ನೆಟ್ಟಗೆ ಮಾಡಿ, ಇಲ್ಲದಿದ್ದರೆ ಮಗುಚಿ ಬೀಳುತ್ತದೆ. ಬೆರಳಿಗೆ ಎಣ್ಣೆ ಸವರುವ ಅಭ್ಯಾಸವಿದ್ದರೆ ಅವತ್ತು ಬೇಡ. ಎಣ್ಣೆ ಕಮಾನಿನ ಕೂದಲಿಗೆ ಹತ್ತಿದರೆ ಕಮಾನಿಗೆ ಉಜ್ಜುವ ರೋಸಿನ್ ಅಂಟು ಹಿಡಿಯುವುದಿಲ್ಲ, ಹಿಡಿತವಿಲ್ಲದ ಕಮಾನಿನಲ್ಲಿ ಟ್ರೆಬಲ್ ಬಾರದು.